ಕಾರ್ಡ್ ಬಂದರೆ ಪಿಂಚಣಿ ಬಂದಂತಲ್ಲ

(ವಡ್ಡು ಗ್ರಾಮದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಹತ್ತು ನಿಮಿಷ ನಮ್ಮ ಮನೆಗಳಲ್ಲಿರುವ ವಿಕಲಚೇತನರ ಬಗ್ಗೆ ಮಾತಾಡೋಣ.

ಒಂದು ಊರಿನ ಸಂಘದಲ್ಲಿ ಒಬ್ಬ ತಾಯಿ ನನಗೆ ಹೇಳಿದರು: “ಮಗನಿಗೆ ಕಾರ್ಡ್ ಬಂದೈತ್ರಿ, ಎರಡು ವರ್ಷ ಆತು. ರೊಕ್ಕ ಮಾತ್ರ ಬಂದಿಲ್ಲ.” ಪಿಂಚಣಿಗೆ ಅರ್ಜಿ ಹಾಕಿದ್ರಾ ಎಂದು ಕೇಳಿದೆ. “ಕಾರ್ಡ್ ಮಾಡಿಸಿದ್ವಲ್ಲ, ಮತ್ಯಾಕೆ ಅರ್ಜಿ?” ಅಂದರು. ಆ ತಾಯಿಯದು ತಪ್ಪಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ಹೋದ ಎರಡು ವರ್ಷದ ಹಣ ಹೋದದ್ದೇ. ಅದಕ್ಕೇ ಈವತ್ತು ಈ ಮಾತು.

ಕಾರ್ಡ್ ಬೇರೆ, ಪಿಂಚಣಿ ಬೇರೆ. ಮೊದಲು ಕಾರ್ಡ್, ಆಮೇಲೆ ಪಿಂಚಣಿಗೆ ಇನ್ನೊಂದು ಅರ್ಜಿ.

ಮೊದಲ ಹೆಜ್ಜೆ: ಯು.ಡಿ.ಐ.ಡಿ. ಕಾರ್ಡ್

ಅಂಗವಿಕಲತೆ ಅಂದ ಕೂಡಲೇ ಕೈಕಾಲು ಇಲ್ಲದವರು, ಕಣ್ಣು ಕಾಣದವರು, ಕಿವಿ ಕೇಳದವರು ಮಾತ್ರ ನಮ್ಮ ನೆನಪಿಗೆ ಬರುತ್ತಾರೆ. 1995ರ ಕಾಯ್ದೆಯಲ್ಲಿ 7 ಬಗೆಗಳಿದ್ದವು. 2016ರ ಕಾಯ್ದೆಯಲ್ಲಿ 21 ಬಗೆಗಳಿವೆ. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಕುಷ್ಠರೋಗ ವಾಸಿಯಾದವರು, ಕುಳ್ಳತನ, ಹಿಮೋಫಿಲಿಯಾ, ಥಲಸ್ಸೇಮಿಯಾ, ಪಾರ್ಕಿನ್ಸನ್ ಎಲ್ಲವೂ ಸೇರಿವೆ. ಅಪಘಾತದಲ್ಲಿ ಕೈಯೋ ಕಾಲೋ ಕಳೆದುಕೊಂಡವರೂ ಅರ್ಹರು. ಹುಟ್ಟಿನಿಂದಲೇ ಇರಬೇಕು ಅಂತೇನಿಲ್ಲ.

2021ರ ಜೂನ್ 1ರಿಂದ ಈ ಪ್ರಮಾಣಪತ್ರ ಆನ್‌ಲೈನ್‌ನಲ್ಲೇ ಆಗಬೇಕು. ಆಧಾರ್, ಫೋಟೋ, ಚಿಕಿತ್ಸೆಯ ಹಳೆಯ ಚೀಟಿಗಳು ಇರಲಿ. ಅರ್ಜಿ ಹಾಕಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅದು ಅವರ ಕೆಲಸವೇ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷೆ ಮಾಡಿ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಬರೆದದ್ದು ಸರಿಯಿಲ್ಲ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು.

ಕಾರ್ಡಿನಲ್ಲಿ ಎರಡು ವಿಷಯ ನೋಡಿಕೊಳ್ಳಿ. ಒಂದು, ಶೇಕಡಾವಾರು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಎರಡು, ಅವಧಿ. “ತಾತ್ಕಾಲಿಕ” ಎಂದಿದ್ದರೆ ಅವಧಿ ಮುಗಿಯುವ ಮೊದಲೇ ಮತ್ತೆ ಪರೀಕ್ಷೆ ಮಾಡಿಸಬೇಕು.

ಎರಡನೇ ಹೆಜ್ಜೆ: ಪಿಂಚಣಿ ಅರ್ಜಿ

ಪಿಂಚಣಿಗೆ ಕನಿಷ್ಠ ಶೇ 40 ಬೇಕು. ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, 75ಕ್ಕಿಂತ ಹೆಚ್ಚಿದ್ದರೆ 1400 ರೂಪಾಯಿ. ಇಲ್ಲಿ ಎಚ್ಚರ ಬೇಕು. ಶೇ 78 ಇದ್ದವರ ಕಾರ್ಡಿನ ಪಟ್ಟಿ ಹಳದಿ, ಆದರೆ ಸಿಗಬೇಕಾದದ್ದು ಹೆಚ್ಚಿನ ಪಿಂಚಣಿ. ಬಣ್ಣ ನೋಡಬೇಡಿ, ಅಂಕಿ ಓದಿ. ದರ ಆಗಾಗ ಬದಲಾಗುತ್ತದೆ, ಅರ್ಜಿ ಕೊಡುವಾಗ ಒಮ್ಮೆ ಕೇಳಿ. ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಮಕ್ಕಳ ಹೆಸರಿನಲ್ಲೂ ಅರ್ಜಿ ಹಾಕಬಹುದು.

ನಮ್ಮ ವಡ್ಡಿನವರು ಹೋಗಬೇಕಾದದ್ದು ತೋರಣಗಲ್ಲು ಹೋಬಳಿಯ ನಾಡಕಚೇರಿಗೆ. ಕಾರ್ಡ್, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್‌ನ ನಕಲು ಒಯ್ಯಿರಿ. ಗ್ರಾಮ ಆಡಳಿತ ಅಧಿಕಾರಿಗಳು ವಿಚಾರಣೆಗೆ ಬರುತ್ತಾರೆ. ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಪಡೆಯದೆ ಮನೆಗೆ ಬರಬೇಡಿ. ಆ ಸಂಖ್ಯೆ ಇದ್ದರೆ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ನೋಡಿ. ಎಷ್ಟೋ ಸಲ ಮಂಜೂರಾದ ಹಣ ಇಲ್ಲೇ ನಿಂತುಬಿಡುತ್ತದೆ.

ಹೊಸಪೇಟೆ, ಹಂಪಿ ಕಡೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಸಪೇಟೆ ಹತ್ತಿರ ಅಂತ ಅಲ್ಲಿಗೆ ಅಲೆಯಬೇಡಿ. ವಿಕಲಚೇತನರ ಕಲ್ಯಾಣ ಇಲಾಖೆಯ ನಮ್ಮ ಜಿಲ್ಲಾ ಕಚೇರಿ ಬಳ್ಳಾರಿಯಲ್ಲಿದೆ.

ಇನ್ನೂ ಏನೇನಿದೆ?

ರಿಯಾಯಿತಿ ಬಸ್ ಪಾಸ್, ರೈಲಿನ ರಿಯಾಯಿತಿ ಇದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿದೆ, ಹಾಗಾಗಿ ಮನೆಯ ಗಂಡಸರಿಗೆ ಪಾಸ್ ಮಾಡಿಸಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದವರಿಗೆ “ನಿರಾಮಯ” ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಅದನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವ ಹಕ್ಕು ನಮಗಿದೆ.

ಸಂಘ ಏನು ಮಾಡಬೇಕು?

“ನಾನು ಮಾಡಿಸಿ ಕೊಡ್ತೀನಿ, ಇಷ್ಟು ಕೊಡಿ” ಅನ್ನುವವರು ಬರುತ್ತಾರೆ. ಪಿಂಚಣಿ ಮಂಜೂರಿಗೆ ಯಾರಿಗೂ ಲಂಚ ಕೊಡಬೇಕಾಗಿಲ್ಲ. ಸಾಲ ತಂದು ಮಧ್ಯವರ್ತಿಗೆ ಕೊಡಬೇಡಿ.

ಇನ್ನೊಂದು ಮಾತು, ಬೇಸರ ಮಾಡ್ಕೋಬೇಡಿ. ಕೆಲವು ಮನೆಗಳಲ್ಲಿ ಇಂಥ ಮಗುವನ್ನು ಒಳಗೇ ಇಟ್ಟಿರುತ್ತೇವೆ. ಮಂದಿ ಏನಂತಾರೋ, ಅಕ್ಕನ ಮದುವೆಗೆ ಅಡ್ಡಿಯಾದೀತೋ ಅನ್ನುವ ಅಂಜಿಕೆ. ಬಾಗಿಲು ಮುಚ್ಚಿದ ಮನೆಗೆ ಯಾವ ಯೋಜನೆಯೂ ಬರುವುದಿಲ್ಲ. ಆ ಮನೆಗೆ ಮೊದಲು ಹೋಗಬೇಕಾದವರು ಅಧಿಕಾರಿಗಳಲ್ಲ, ನಾವು.

ಮುಂದಿನ ಸಭೆಯೊಳಗೆ ಪ್ರತಿ ಸಂಘವೂ ತನ್ನ ಓಣಿಯ ವಿಕಲಚೇತನರ ಹೆಸರು ಬರೆಯಲಿ. ಎದುರಿಗೆ ಮೂರು ಪ್ರಶ್ನೆ: ಕಾರ್ಡ್ ಇದೆಯೇ? ಪಿಂಚಣಿ ಅರ್ಜಿ ಹಾಕಿದ್ದಾರೆಯೇ? ಹಣ ಬರುತ್ತಿದೆಯೇ? “ಇಲ್ಲ” ಎಂದ ಕಡೆ ಇಬ್ಬರು ಸದಸ್ಯೆಯರು ಜೊತೆಗೆ ಹೋಗಲಿ, ನಡಾವಳಿ ಪುಸ್ತಕದಲ್ಲಿ ಬರೆಯಲಿ. ಒಬ್ಬಳೇ ಹೋದರೆ “ನಾಳೆ ಬಾ” ಅಂತಾರೆ. ಸಂಘವೇ ಹೋದರೆ ಕುರ್ಚಿ ಹಾಕಿ ಮಾತಾಡಿಸ್ತಾರೆ.