ಕಳೆದುಹೋದ ಪುಸ್ತಕದ ಲೆಕ್ಕ



ಆಶಯ ಭಾಷಣ ಮಾಡುವವರು ಓದಿನ ಮಹತ್ವದಿಂದ ಶುರು ಮಾಡುವುದು ವಾಡಿಕೆ. ಅದನ್ನು ನಾನು ಬಿಟ್ಟುಬಿಡುತ್ತೇನೆ. ಓದು ಒಳ್ಳೆಯದೋ ಅಲ್ಲವೋ ಎಂಬ ಅನುಮಾನ ಇರುವವರು ಈ ಸಭಾಂಗಣದ ಮೆಟ್ಟಿಲು ಹತ್ತಿರಲಾರರು. ನಾನು ಬೀರುವಿನಿಂದ ಶುರು ಮಾಡುತ್ತೇನೆ.

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಎಂದರೆ ಬಹುಪಾಲು ಕಡೆ ಒಂದು ಕಬ್ಬಿಣದ ಬೀರು. ಅದು ಇರುವುದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ, ಅವರ ಕುರ್ಚಿಯ ಬೆನ್ನಿಗೆ. ಬೀರುವಿನ ನೆತ್ತಿಯ ಮೇಲೆ ಒಂದು ಗ್ಲೋಬು, ಕ್ರೀಡಾಕೂಟದಲ್ಲಿ ಗೆದ್ದ ಎರಡು ಕಪ್ಪು, ಸುತ್ತಿಟ್ಟ ಭೂಪಟಗಳು. ಬಾಗಿಲು ತೆರೆದರೆ ಮೇಲಿನ ಎರಡು ಅರೆಗಳಲ್ಲಿ ನಗದು ಪುಸ್ತಕ, ದಾಖಲಾತಿ ವಹಿ, ಬಿಸಿಯೂಟದ ಕಡತ. ಕೆಳಗಿನ ಅರೆಗಳಲ್ಲಿ ಕಥೆ ಪುಸ್ತಕಗಳು, ಬೆನ್ನು ಒಳಗೆ ಮಾಡಿಕೊಂಡು ಮಲಗಿರುತ್ತವೆ. ಬೀಗದ ಕೈ ಹೆಡ್‌ಮಾಸ್ಟರ ಗೊಂಚಲಿನಲ್ಲಿ. ಮೂರನೇ ತರಗತಿಯ ಹುಡುಗಿಯೊಬ್ಬಳಿಗೆ ಆನೆಯ ಕಥೆ ಬೇಕೆನಿಸಿದರೆ ಅವಳು ಹೆಡ್‌ಮಾಸ್ಟರ ಕೋಣೆಯ ಹೊಸ್ತಿಲು ದಾಟಬೇಕು, ಅವರು ತಲೆ ಎತ್ತುವವರೆಗೆ ನಿಲ್ಲಬೇಕು, ಬಾಯಿ ಬಿಟ್ಟು ಕೇಳಬೇಕು. ಎಷ್ಟು ಮಕ್ಕಳು ಕೇಳುತ್ತಾರೆ? ನಿಮ್ಮ ನಿಮ್ಮ ಶಾಲೆಯನ್ನು ಮನಸ್ಸಿನಲ್ಲೇ ನೆನೆದುಕೊಂಡು ಉತ್ತರ ಹೇಳಿಕೊಳ್ಳಿ.

ಕಾನೂನಿನ ಮಾತಿಗೆ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕಗಳು ಸಿಗಬೇಕು ಎನ್ನುತ್ತದೆ. ಕಥೆ ಪುಸ್ತಕಗಳನ್ನಂತೂ ಹೆಸರಿಸಿಯೇ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಐದನೇ ತರಗತಿವರೆಗಿನ ಶಾಲೆಗೆ 5,000 ರೂಪಾಯಿವರೆಗೆ, ಎಂಟನೇ ತರಗತಿವರೆಗಿನ ಶಾಲೆಗೆ 13,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ದೊಡ್ಡ ಮೊತ್ತವಲ್ಲ, ನಿಜ. ಆದರೂ ಇಷ್ಟು ವರ್ಷಗಳಲ್ಲಿ ದಾನಿಗಳು ಕೊಟ್ಟದ್ದು, ಇಲಾಖೆ ಕಳಿಸಿದ್ದು ಎಲ್ಲ ಸೇರಿ ಬೀರುಗಳು ತುಂಬಿವೆ. ಪುಸ್ತಕವೇ ಇಲ್ಲದ ಶಾಲೆ ಇವತ್ತು ಅಪರೂಪ. ಪುಸ್ತಕ ಇದ್ದೂ ಮಕ್ಕಳ ಕೈಗೆ ಹೋಗದ ಶಾಲೆಯೇ ನಮ್ಮ ವಿಷಯ.

ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣ ಎಂದು ಭಾಷಣ ಬಿಗಿಯುವವರನ್ನು ಬೇಕಾದಷ್ಟು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಬೀಗ ಹಾಕಿಸುತ್ತಿರುವುದು ದಾಸ್ತಾನು ವಹಿ. ಪ್ರಾಥಮಿಕ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಯಾರೋ ಒಬ್ಬ ಶಿಕ್ಷಕರ ತಲೆಗೆ ಪ್ರಭಾರ ಕಟ್ಟಲಾಗುತ್ತದೆ. ವರ್ಗಾವಣೆಯಾದಾಗ ಅವರು ಮುಂದಿನವರಿಗೆ ಚಾರ್ಜು ಕೊಡಬೇಕು. ವಹಿಯಲ್ಲಿ 642 ಎಂದಿದ್ದರೆ ಬೀರುವಿನಲ್ಲೂ 642 ಇರಬೇಕು. ನನಗೆ ಗೊತ್ತಿರುವ ಒಬ್ಬ ಮೇಷ್ಟ್ರು ಮಕ್ಕಳಿಗೆ ಧಾರಾಳವಾಗಿ ಪುಸ್ತಕ ಕೊಡುತ್ತಿದ್ದವರು. ನಿವೃತ್ತಿಯ ವೇಳೆ ಕಡಿಮೆ ಬಿದ್ದ ಪುಸ್ತಕಗಳ ಬೆಲೆಯನ್ನು ಕೈಯಿಂದ ಕಟ್ಟಿ ಹೊರಬಂದರು. ಪಕ್ಕದ ಶಾಲೆಯವರು ಹತ್ತು ವರ್ಷ ಬೀರು ತೆಗೆದಿರಲೇ ಇಲ್ಲ. ಅವರಿಗೆ ಲೆಕ್ಕ ಸರಿಯಾಗಿದೆ ಎಂಬ ಷರಾ ಸಿಕ್ಕಿತು. ಇದನ್ನು ಕಣ್ಣಾರೆ ಕಂಡ ಕಿರಿಯ ಶಿಕ್ಷಕ ಯಾವ ಪಾಠ ಕಲಿತಾನು?

ಶಿಯಾಳಿ ರಾಮಾಮೃತ ರಂಗನಾಥನ್ ಅವರ ಹೆಸರು ಇಲ್ಲಿ ಬರಲೇಬೇಕು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಪ್ರಕಟಿಸಿದರು. ಕೊನೆಯ ವರ್ಷಗಳು ಬೆಂಗಳೂರಿನಲ್ಲೇ ಕಳೆದವು. 1962ರಲ್ಲಿ ಇಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ ಎಂಬ ಅವರ ಮೊದಲ ಸೂತ್ರ ನಮ್ಮ ಬಿ.ಎಡ್. ವಿದ್ಯಾರ್ಥಿಗಳಿಗೂ ಬಾಯಿಪಾಠ. ಅದನ್ನು ವಿವರಿಸುವಾಗ ಅವರು ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಪದ್ಧತಿಯನ್ನು ನೆನೆಯುತ್ತಾರೆ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಅಂಥ ಸರಪಳಿಗಳು ಇಂದಿಗೂ ನೋಡಲು ಸಿಗುತ್ತವೆ. ಆ ಪದ್ಧತಿಯನ್ನು ತಪ್ಪು ಎನ್ನಲಾಗದು. ಒಂದು ಪುಸ್ತಕವನ್ನು ಕೈಯಲ್ಲಿ ಬರೆದು ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದ ಎಚ್ಚರ ಅದು. ನಾವು ಮಾತ್ರ ಐವತ್ತು ರೂಪಾಯಿಯ ಚಿತ್ರಪುಸ್ತಕಕ್ಕೆ ಅದೇ ಸರಪಳಿ ಹಾಕಿ ಕೂತಿದ್ದೇವೆ.

ಹಾಗಾದರೆ ಪುಸ್ತಕ ಕಳೆದರೆ ಏನು ಮಾಡಬೇಕು? ಸರ್ಕಾರದ ಲೆಕ್ಕಶಾಸ್ತ್ರಕ್ಕೇ ಇದಕ್ಕೆ ಉತ್ತರ ಗೊತ್ತು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಪುಸ್ತಕಗಳ ತಪಾಸಣೆಗೆ ಸಂಬಂಧಿಸಿದ್ದು. ವರ್ಷದಲ್ಲಿ ಎರವಲು ಹೋದ ಅಥವಾ ಬಳಕೆಯಾದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ ಎನ್ನುತ್ತದೆ ಆ ನಿಯಮ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ನಿಯಮ, ನಮ್ಮ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅದರೊಳಗಿನ ತರ್ಕವನ್ನು ಗಮನಿಸಿ. ಬೀರುವಿನಲ್ಲಿ ಎಷ್ಟಿವೆ ಎಂಬುದರ ಮೇಲೆ ಅಲ್ಲ, ಎಷ್ಟು ಸಲ ಹೊರಗೆ ಹೋದವು ಎಂಬುದರ ಮೇಲೆ ವಿನಾಯಿತಿ. 120 ಮಕ್ಕಳ ಶಾಲೆಯಲ್ಲಿ ಪ್ರತಿ ಮಗುವೂ ವಾರಕ್ಕೊಂದರಂತೆ 35 ವಾರ ಪುಸ್ತಕ ಒಯ್ದರೆ 4,200 ಎರವಲು. 21 ಪುಸ್ತಕ ಕಳೆದರೂ ಯಾರನ್ನೂ ಕೇಳುವಂತಿಲ್ಲ. ಬೀಗ ತೆಗೆಯದ ಶಾಲೆಗೆ ಸಿಗುವ ವಿನಾಯಿತಿ ಸೊನ್ನೆ. ಅಲ್ಲಿ ಗೆದ್ದಲು ಒಂದು ಪುಸ್ತಕ ತಿಂದರೂ ಉತ್ತರ ಕೊಡಬೇಕು! ನಮ್ಮ ರಾಜ್ಯದ ಶಾಲೆಗಳಿಗೂ ಇಂಥದೊಂದು ಸ್ಪಷ್ಟ ಸುತ್ತೋಲೆ ಬೇಕು ಎಂಬುದೇ ಇವತ್ತು ನಾನು ಇಡುತ್ತಿರುವ ಮುಖ್ಯ ಮಾತು. ಉಳಿದದ್ದೆಲ್ಲ ಅದರ ಸುತ್ತಲಿನದು.

ಬೀಗ ತೆಗೆದ ಮೇಲೆ ಪುಸ್ತಕ ಜೋಡಿಸುವ ಪ್ರಶ್ನೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದ ದಶಮಾಂಶ ವರ್ಗೀಕರಣವನ್ನು ನಮ್ಮ ಗ್ರಂಥಪಾಲಕ ಮಿತ್ರರು ದೇವರಂತೆ ಕಾಣುತ್ತಾರೆ. ಆ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಇಡೀ ವಿಭಾಗ. ಕನ್ನಡ ಸಾಹಿತ್ಯಕ್ಕೆ 894.814 ಎಂಬ ಮೂಲೆ. ಅದರ ಬೇಸರ ಹಾಗಿರಲಿ, ಎಂಟು ಹಾಳೆಯ ಚಿತ್ರಪುಸ್ತಕದ ಬೆನ್ನಿನ ಮೇಲೆ ಅಷ್ಟುದ್ದದ ಸಂಖ್ಯೆ ಬರೆಯಲು ಜಾಗವೆಲ್ಲಿ? ಅದಕ್ಕೆ ಬೆನ್ನೇ ಇಲ್ಲ, ನಡುವೆ ಎರಡು ಪಿನ್ನು ಅಷ್ಟೆ. ಕಪಾಟಿನಲ್ಲಿ ನಿಲ್ಲಿಸಿದರೆ ಅದು ಮಾಯ. ಆರುನೂರು ಪುಸ್ತಕದ ಶಾಲೆಗೆ ಬಣ್ಣದ ಪಟ್ಟಿ ಸಾಕು: ಬರೀ ಚಿತ್ರ ಅಥವಾ ಪುಟಕ್ಕೊಂದು ಸಾಲು ಇರುವುದಕ್ಕೆ ಒಂದು ಬಣ್ಣ, ನಾಲ್ಕೈದು ಸಾಲಿನದಕ್ಕೆ ಇನ್ನೊಂದು, ಪುಟ ತುಂಬ ಅಕ್ಷರ ಇರುವುದಕ್ಕೆ ಮತ್ತೊಂದು, ವಿಜ್ಞಾನ ಮತ್ತು ಮಾಹಿತಿಗೆ ಬೇರೆಯದು. ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ, ಕಾರಂತರ ‘ಬಾಲಪ್ರಪಂಚ’ದಂಥವು ನಿಮ್ಮಲ್ಲಿದ್ದರೆ ಅವು ಮನೆಗೆ ಹೋಗದಿರಲಿ, ಆದರೆ ಕೈಗೆಟುಕುವ ಮೇಜಿನ ಮೇಲಿರಲಿ.

ಚಿತ್ರಪುಸ್ತಕಗಳಿಗೆ ಕಪಾಟಿಗಿಂತ ಹಗ್ಗ ಒಳ್ಳೆಯದು. ವರಾಂಡದ ಎರಡು ಕಂಬಗಳ ನಡುವೆ ನೈಲಾನ್ ಹಗ್ಗ ಬಿಗಿದು, ನಡುಪುಟದಲ್ಲಿ ತೆರೆದು ಸಾಲಾಗಿ ನೇತುಹಾಕಿ, ಗಾಳಿಗೆ ಹಾರದಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ. ಹೊದಿಕೆ ಎದುರಿಗೆ ಕಾಣುತ್ತದೆ. ಒಂದೇ ಎಚ್ಚರ, ಹಗ್ಗದ ಎತ್ತರವನ್ನು ದೊಡ್ಡವರು ತೀರ್ಮಾನಿಸಬಾರದು. ಒಂದನೇ ತರಗತಿಯ ಅತಿ ಗಿಡ್ಡ ಮಗುವನ್ನು ನಿಲ್ಲಿಸಿ, ಅದರ ಎದೆಯ ಮಟ್ಟಕ್ಕೆ ಕಟ್ಟಬೇಕು. ನಲಿ-ಕಲಿ ಕೋಣೆಯಲ್ಲಿ ಮಕ್ಕಳು ಕೂರುವುದು ನೆಲದ ಮೇಲೆ. ಅಲ್ಲಿ ಪುಸ್ತಕಗಳಿಗೂ ನೆಲದ ಮೇಲಿನ ಒಂದು ತಟ್ಟೆ, ಬುಟ್ಟಿ ಸಾಕು.

ಎರವಲು ವಹಿ ಮಕ್ಕಳ ಕೈಯಲ್ಲಿರಲಿ. ಒಂದು ಶಾಲೆಯಲ್ಲಿ ಅಂಥ ನೋಟುಪುಸ್ತಕ ನೋಡುವ ಭಾಗ್ಯ ನನ್ನದಾಯಿತು. ಆರನೇ ತರಗತಿಯವರು ಬರೆಯುತ್ತಿದ್ದುದು. ನಾಲ್ಕೇ ಕಲಂ: ಹೆಸರು, ಪುಸ್ತಕದ ನಂಬರು, ಒಯ್ದ ದಿನ, ತಂದ ದಿನ. ಐದನೆಯದನ್ನು ಅವರೇ ಗೀಟು ಹಾಕಿ ಸೇರಿಸಿಕೊಂಡಿದ್ದರು, ತಲೆಬರಹ ‘ಹ್ಯಾಂಗದ’. ಕೆಳಗೆ ಒಂದೊಂದೇ ಮಾತು: ಚಲೋ ಅದ, ಬ್ಯಾಸರ, ಅರ್ಧಾ ಓದೀನಿ, ಅಜ್ಜಿಗೆ ಓದಿ ಹೇಳಿದೆ. ಒಂದು ಕಡೆ ‘ಹುಲಿ ಚಿತ್ರ ಹರದೈತಿ, ನಾ ಹರದಿಲ್ಲ’ ಎಂಬ ಜಾಮೀನು ಹೇಳಿಕೆಯೂ ಇತ್ತು. ಆ ಕಲಂ ಓದಿದರೆ ಮುಂದಿನ ವರ್ಷ ಏನು ಕೊಳ್ಳಬೇಕು ಎಂದು ಯಾವ ಆಯ್ಕೆ ಸಮಿತಿಯನ್ನೂ ಕೇಳಬೇಕಾಗಿಲ್ಲ.

ಕೊಳ್ಳುವ ವಿಷಯ ಬಂತು. ಮಾರ್ಚ್ ಕೊನೆಯಲ್ಲಿ ಹಣ ಬಂದು, 31ರೊಳಗೆ ಬಿಲ್ಲು ಹಚ್ಚಬೇಕಾದಾಗ ಏನಾಗುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಮಹಾಪುರುಷರ ಒಂದು ಸೆಟ್ಟು, ಸಾಮಾನ್ಯ ಜ್ಞಾನದ ಒಂದು ಸೆಟ್ಟು, ನೀತಿಕಥೆಗಳ ಒಂದು ಸೆಟ್ಟು. ಇದಕ್ಕೆ ಔಷಧಿ ಎಂದರೆ ಪಟ್ಟಿಯನ್ನು ಜೂನ್‌ನಲ್ಲೇ ಮಾಡಿ ಇಟ್ಟುಕೊಳ್ಳುವುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ, ನವಕರ್ನಾಟಕ, ಪ್ರಥಮ್ ಬುಕ್ಸ್ ಇವರ ಮಕ್ಕಳ ಪುಸ್ತಕಗಳ ಬೆಲೆ ಇನ್ನೂ ನಮ್ಮ ಅನುದಾನಕ್ಕೆ ಎಟುಕುವಂತಿದೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಕೊಂಕಣಿ ಆಡುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅಕ್ಷರವಿಲ್ಲದ, ಚಿತ್ರವೇ ಕಥೆ ಹೇಳುವ ಪುಸ್ತಕಗಳನ್ನು ಮೊದಲು ಕೊಳ್ಳಿ. ಆ ಮಗು ತನ್ನ ಮಾತಿನಲ್ಲಿ ಕಥೆ ಹೇಳಲಿ, ಉಳಿದವರು ಕೇಳಲಿ. ಕನ್ನಡ ತಾನಾಗಿ ಹಿಂದೆ ಬರುತ್ತದೆ.

ಇನ್ನು ರಿಪೇರಿ. ಗ್ರಂಥಾಲಯದ ಕಾರ್ಯಾಗಾರಗಳಲ್ಲಿ ಇದರ ಮಾತೇ ಬರುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದು ಹಳದಿಯಾಗಿ, ಒಣಗಿ, ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ತೆಳು ಕಾಗದದ ಪಟ್ಟಿ, ಮೈದಾ ಅಂಟು ಸಾಕು. ನಮ್ಮ ಬೈಂಡಿಂಗ್‌ನವರು ಅಂಟು ಕುದಿಸುವಾಗ ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಆ ಕೆಲಸ ಮಕ್ಕಳಿಂದ ಬೇಡ. ಚಿತ್ರಪುಸ್ತಕದ ನಡುವಿನ ಪಿನ್ನು ಕರಾವಳಿ, ಮಲೆನಾಡಿನ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಹಾಳೆ ಕತ್ತರಿಸುತ್ತದೆ. ಹೊಸ ಪುಸ್ತಕ ಬಂದ ದಿನವೇ ಪಿನ್ನು ಕಿತ್ತು, ಅದೇ ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಿಂದ ಹೊಲಿಯಿರಿ. ನಡುವಿನ ತೂತಿನಿಂದ ಹೊರಟ ದಾರ ನಡುವಿಗೇ ಬಂದು ಗಂಟಾಗಬೇಕು. ಬೆನ್ನಿಗೆ ಹತ್ತಿ ಬಟ್ಟೆಯ ಎರಡು ಬೆರಳಗಲದ ಪಟ್ಟಿ. ಏಳನೇ ತರಗತಿಯ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ತಾನು ಹೊಲಿದ ಪುಸ್ತಕವನ್ನು ಇನ್ನೊಬ್ಬ ಹರಿದರೆ ಅವರು ಮಾಡುವ ವಿಚಾರಣೆಯ ಮುಂದೆ ನಮ್ಮ ಆಡಿಟ್ ಏನೂ ಅಲ್ಲ. ಬೂಷ್ಟು ಹಿಡಿಯದಂತೆ ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗಿಡಿ, ಪುಸ್ತಕಗಳನ್ನು ಒತ್ತಿ ತುರುಕಬೇಡಿ. ಬಯಲುಸೀಮೆಯವರಿಗೆ ಗೆದ್ದಲಿನ ಬಗ್ಗೆ ನಾನು ಹೇಳಿಕೊಡಬೇಕಿಲ್ಲ.

ರಂಗನಾಥನ್ ಅವರ ಐದನೇ ಸೂತ್ರ ಗ್ರಂಥಾಲಯವನ್ನು ಬೆಳೆಯುವ ಜೀವಿ ಎನ್ನುತ್ತದೆ. ಜೀವಿ ಎಂದ ಮೇಲೆ ಕೆಲವನ್ನು ಬಿಡಲೂಬೇಕು. ಪಠ್ಯ ಬದಲಾದ ಮೇಲೆ ಉಳಿದ ಗೈಡುಗಳು, ಯಾರದೋ ಮನೆ ಖಾಲಿ ಮಾಡುವಾಗ ದಾನವಾಗಿ ಬಂದ ಹಳೆಯ ವಾರ್ಷಿಕ ವರದಿಗಳು ಅರ್ಧ ಬೀರು ಹಿಡಿದಿವೆ. ಅವನ್ನು ತೆಗೆಯಲೂ ಅದೇ ದಾಸ್ತಾನು ವಹಿಯ ಭಯ. ಹಾಗಾಗಿ ನಾವು ಕೇಳುವ ಸುತ್ತೋಲೆಯಲ್ಲಿ ಕಳೆದದ್ದು ಮಾತ್ರವಲ್ಲ, ಓದಿ ಓದಿ ಸವೆದದ್ದಕ್ಕೂ ಕೆಲಸಕ್ಕೆ ಬಾರದ್ದಕ್ಕೂ ಜಾಗ ಇರಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಪಟ್ಟಿ ಇಟ್ಟು, ಠರಾವು ಮಾಡಿ, ವಹಿಯಿಂದ ಹೊಡೆದು ಹಾಕುವಷ್ಟು ಸರಳವಾಗಿರಬೇಕು ಅದು.

ಪಂಚಾಯಿತಿ ಗ್ರಂಥಾಲಯದ ಮಿತ್ರರಿಗೆ ಒಂದು ಮಾತು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ನಿಮ್ಮಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಶಾಲೆಯ ಬೀರು ಮುಚ್ಚುತ್ತದೆ, ನಿಮ್ಮ ಬಾಗಿಲು ತೆರೆದೇ ಇರುತ್ತದೆ. ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಯ ಕಥೆ ಪುಸ್ತಕಗಳು ಎರಡು ತಿಂಗಳಿಗೆ ನಿಮ್ಮಲ್ಲಿಗೆ ಬರುವಂತೆ ಒಂದು ರಸೀದಿ ವ್ಯವಸ್ಥೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಇಬ್ಬರು ಕೂತು ಒಂದು ಚಹಾ ಕುಡಿದರೆ ಆಗುವ ಕೆಲಸ.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ನಿಮ್ಮ ಎರವಲು ವಹಿ ತನ್ನಿ ಎಂದು ಸಂಘಟಕರು ಮೊದಲೇ ತಿಳಿಸಿದ್ದಾರೆ. ತಂದವರು ಕಳೆದ ವರ್ಷದ ಎರವಲಿನ ಮೊತ್ತ ಕೂಡಿಸಿ, ಸಾವಿರಕ್ಕೆ ಐದರ ಲೆಕ್ಕ ಹಾಕಿ, ನಿಜಕ್ಕೂ ಕಳೆದದ್ದು ಎಷ್ಟು ಎಂದು ಪಕ್ಕದಲ್ಲಿ ಬರೆಯಿರಿ. ವಹಿಯೇ ಇಲ್ಲದವರು ಇಲ್ಲ ಎಂದು ಬರೆದರೂ ಅದು ಮಾಹಿತಿಯೇ. ಆ ಅಂಕಿಗಳನ್ನು ಇಟ್ಟುಕೊಂಡು ಇಲಾಖೆಗೆ ಕಳಿಸುವ ಕರಡನ್ನು ನಾಳೆ ಸಂಜೆಯೊಳಗೆ, ಒಂದೇ ಪುಟದಲ್ಲಿ, ಇಲ್ಲೇ ಸಿದ್ಧಪಡಿಸೋಣ. ಎರಡನೇ ಪುಟಕ್ಕೆ ಹೋದರೆ ಯಾರೂ ಓದುವುದಿಲ್ಲ.