ಅಡಿಕೆ ದ್ವೀಪಕ್ಕೆ ದೋಣಿ



ಮಲೇಷ್ಯಾದ ಪಶ್ಚಿಮ ಕರಾವಳಿಯಲ್ಲಿ ಪೆನಾಂಗ್ ಅಂತ ಒಂದು ದ್ವೀಪವಿದೆ. ಅಲ್ಲಿಯವರ ಬಾಯಲ್ಲಿ ಅದು ಪುಲಾವ್ ಪಿನಾಂಗ್. ಮಲಯ್ ಭಾಷೆಯಲ್ಲಿ ಪುಲಾವ್ ಅಂದರೆ ದ್ವೀಪ, ಪಿನಾಂಗ್ ಅಂದರೆ ನಮ್ಮ ಅಡಿಕೆ! ಅದೇ ಹೆಸರಿನ ರಾಜ್ಯದ ಬಾವುಟದ ನಟ್ಟನಡುವೆಯೂ ಒಂದು ಅಡಿಕೆ ಮರ. ಮಲೆನಾಡಿನವರು ಕಂಡರೆ ಯಾವುದೋ ಅಡಿಕೆ ಮಾರಾಟ ಸಂಘದ ಬಾವುಟ ಅಂದುಕೊಂಡಾರು.

1985ರಿಂದ ಅಲ್ಲಿಗೆ ಸೇತುವೆ ಇದೆ. ಆದರೂ ಅಲ್ಲಿನ ಹಳೆಯ ಬಂದರು ಜಾರ್ಜ್ ಟೌನನ್ನು ನೋಡಬೇಕಾದರೆ ಎದುರು ದಡದ ಬಟರ್‌ವರ್ತ್‌ನಿಂದ ಫೆರಿ ಹತ್ತುವುದೇ ಸರಿ. ಬಂದರು ಊರಿನ ಮುಖ ಇರುವುದು ನೀರಿನ ಕಡೆಗೆ. ಸೇತುವೆಯಲ್ಲಿ ಹೋದರೆ ಹಿತ್ತಿಲ ಬಾಗಿಲಿನಿಂದ ಹೊಕ್ಕಂತೆ. ಫೆರಿಯಲ್ಲಿ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. 2020ರ ಕೊನೆಗೆ ಪ್ರಯಾಣಿಕರ ಸೇವೆಯಿಂದ ನಿವೃತ್ತಿಯಾದ ಹಳೆಯ ಎರಡು ಮಾಳಿಗೆಯ ಫೆರಿಗಳ ಕಾಲದಲ್ಲಿ ಒಂದು ಚಂದದ ಪದ್ಧತಿ ಇತ್ತು. ದ್ವೀಪಕ್ಕೆ ಹೋಗುವಾಗ ಮಾತ್ರ ದುಡ್ಡು. ಬರುವಾಗ ಪುಕ್ಕಟೆ.

ನಾನು ಹೋದದ್ದೂ ಆ ಕಾಲದಲ್ಲೇ. ಈ ಪುಕ್ಕಟೆ ವಾಪಸಾತಿ ನನ್ನನ್ನು ತುಂಬ ಕಾಡಿತು. ಹಿಂದೆ ಇಲ್ಲಿಗೆ ಬಂದ ಕೆಲವರಿಗೆ ವಾಪಸಾತಿ ಅಷ್ಟು ಸುಲಭವಿರಲಿಲ್ಲ.

1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ದ್ವೀಪವನ್ನು ಹಿಡಿದ. ಕೆಲವೇ ವರ್ಷಗಳಲ್ಲಿ ಕಂಪನಿ ಭಾರತದಿಂದ ಕೈದಿಗಳನ್ನು ಹಡಗಿನಲ್ಲಿ ತುಂಬಿ ಇಲ್ಲಿಗೆ ಸಾಗಿಸತೊಡಗಿತು. 1818ರಲ್ಲಿ ಎದ್ದ ಸಂತ ಜಾರ್ಜ್ ಚರ್ಚನ್ನು ಈಗ ಪ್ರವಾಸಿಗರು ನಿಂತು ನೋಡುತ್ತಾರೆ. ಬಿಳಿ ಕಂಬಗಳು, ಮುಂದೆ ಹಸಿರು ಹುಲ್ಲು. ಅದಕ್ಕೆ ಬೆವರು ಸುರಿಸಿದವರು ನಮ್ಮ ದೇಶದ ಕೈದಿಗಳೇ.

ತನ್ನ ವಿರುದ್ಧ ದಂಗೆಯೆದ್ದ ತಮಿಳುನಾಡಿನ ಶಿವಗಂಗೆಯ ಮರುದು ಸಹೋದರರನ್ನು ಕಂಪನಿ 1801ರಲ್ಲಿ ಗಲ್ಲಿಗೇರಿಸಿತು. ಮರುವರ್ಷ ಅವರ ಕಡೆಯ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಈ ದ್ವೀಪಕ್ಕೆ ಗಡೀಪಾರು ಮಾಡಿದರು. ಸಹೋದರರಲ್ಲಿ ಕಿರಿಯನಾದ ಚಿನ್ನ ಮರುದುವಿನ ಮಗ ದುರೈಸ್ವಾಮಿಯೂ ಅವರಲ್ಲಿದ್ದ, ಇನ್ನೂ ಹುಡುಗ. ಅವನನ್ನು ಊರಿನಲ್ಲೇ ಅರಿತಿದ್ದ ಜೇಮ್ಸ್ ವೆಲ್ಷ್ ಎಂಬ ಸೇನಾಧಿಕಾರಿ ಎಷ್ಟೋ ವರ್ಷದ ಮೇಲೆ ಪೆನಾಂಗಿಗೆ ಬಂದಾಗ, ಬಳಲಿದ ಮುದುಕನೊಬ್ಬ ಎದುರು ಬಂದು ನಿಂತ. ವೆಲ್ಷ್‌ಗೆ ಗುರುತು ಹತ್ತಲಿಲ್ಲ. ಹೆಸರು ಕೇಳಿದ. ದುರೈಸ್ವಾಮಿ ಅಂದಿತು ಆ ಮುಖ. ಲೆಕ್ಕ ಹಾಕಿದರೆ ಮುದುಕನಾಗುವ ವಯಸ್ಸೇನೂ ಅಲ್ಲ ಅವನದು.

ನಮ್ಮಲ್ಲಿ ಮನೆಗೆ ಕರೆಯುವುದೇ ಅಡಿಕೆ ವೀಳ್ಯ ಕೊಟ್ಟು. ಅಡಿಕೆಯ ಹೆಸರಿನ ಆ ದ್ವೀಪಕ್ಕೆ ಇವರನ್ನು ಹಾಗೆ ಕರೆದವರು ಯಾರೂ ಇರಲಿಲ್ಲ.

ನಾನು ಹೋಗಿದ್ದ ದಿನ ಸಂಜೆ ಮರಳುವಾಗ ಫೆರಿ ಕಟ್ಟೆಯಲ್ಲಿ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿದೆ. ಅಲ್ಲಿದ್ದವರು ಬೇಡ ಅಂತ ತಲೆಯಾಡಿಸಿ, ಒಳಗೆ ಹೋಗಿ ಅಂತ ಕೈ ತೋರಿಸಿದರು.