ಬೀಗದ ಕೈ ಯಾರ ಬಳಿ ಇರಬೇಕು?

(ಗಿರಣಿ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯೆಗಳ ಮಾತು ಕೇಳಲು ಬಂದ ನಿಮ್ಮ ಮುಂದೆ ಇಂದು ನಾವು ಬೇರೊಂದು ವಿಷಯ ಇಡುತ್ತೇವೆ. ಮನೆಯಲ್ಲಿ ಒಬ್ಬರ ಬುದ್ಧಿ ಕೆಟ್ಟರೆ ಬಾಗಿಲು ಹಾಕಿಕೊಂಡು ಅಳುತ್ತೇವೆಯೇ ಹೊರತು ಸಭೆಯಲ್ಲಿ ಆಡುವುದಿಲ್ಲ. ಆಡದಿರುವುದರಿಂದಲೇ ಅನ್ಯಾಯ ಬೆಳೆಯುತ್ತದೆ.

ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳ ಸಂಗತಿ. ತರಗತಿಯ ಹುಡುಗನೊಬ್ಬ ನಾಲ್ಕು ದಿನ ಬರಲಿಲ್ಲ. ಮನೆಗೆ ಹೋದೆವು. ತಂದೆ ಗಿರಣಿಯಲ್ಲಿ ರಾತ್ರಿ ಪಾಳಿಯವನು. ಎಂಟು ದಿನ ನಿದ್ದೆಯಿಲ್ಲದೆ, ಯಾರೋ ಕೊಲ್ಲಲು ಬರುತ್ತಾರೆಂದು ಕುಡುಗೋಲು ಹಿಡಿದು ಕೂತಿದ್ದನಂತೆ. ಹೆಂಡತಿ ಹೆದರಿ ಠಾಣೆಗೆ ಓಡಿದಳು. ಅಲ್ಲಿ ಅವನನ್ನು ಎರಡು ರಾತ್ರಿ ಕಳ್ಳರ ಜೊತೆ ಲಾಕಪ್ಪಿನಲ್ಲಿಟ್ಟರು. "ಮಾಸ್ತರೇ, ನಾನು ಡಾಕ್ಟರನ್ನು ಕೇಳಿದೆ, ಅವರು ಬೇಡಿ ಹಾಕಿದರು" ಎಂದಳು ಆ ತಾಯಿ. ಔಷಧಿ ಸಿಕ್ಕ ಮೇಲೆ ಆತ ಕೆಲವೇ ವಾರಗಳಲ್ಲಿ ಚೇತರಿಸಿಕೊಂಡ. ಆದರೆ ಲಾಕಪ್ಪಿನ ಹೆಸರು ಹೋಗಲಿಲ್ಲ, ಗಿರಣಿಯ ಗೇಟು ಮತ್ತೆ ತೆರೆಯಲಿಲ್ಲ. ಆಗ ಕಾಯಿದೆ ನಮಗೂ ಗೊತ್ತಿರಲಿಲ್ಲ. ಆ ನಾಚಿಕೆಯೇ ಇಂದು ನಮ್ಮಿಂದ ಈ ಮಾತು ಆಡಿಸುತ್ತಿದೆ.

ಬ್ರಿಟಿಷರು 1912ರಲ್ಲಿ ಹುಚ್ಚರ ಕಾಯಿದೆಯನ್ನು ಮಾಡಿದರು. ರೋಗಿಯ ಹಿತಕ್ಕಿಂತ ಊರಿನ ಶಾಂತಿಯೇ ಅದಕ್ಕೆ ದೊಡ್ಡದು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದರೂ ಅದೇ ನಡೆಯಿತು. 1987ರ ಹೊಸ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಅಪರಾಧ ಮಾಡದ ಮನೋರೋಗಿಯನ್ನು ಜೈಲಿನಲ್ಲಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಶೀಲಾ ಬರ್ಸೆ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅದೇ ವರ್ಷ. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದ ರೋಗಿಗಳು ಓಡಲಾರದೆ 28 ಜನ ಸುಟ್ಟುಹೋದರು. ಅವರಲ್ಲಿ ಸಿರಿವಂತರ ಮಕ್ಕಳೆಷ್ಟಿದ್ದರು, ನೀವೇ ಊಹಿಸಿ.

ಈಗಿರುವುದು 2017ರ ಮಾನಸಿಕ ಆರೋಗ್ಯ ಕಾಯಿದೆ, 2018ರಿಂದ ಜಾರಿಯಲ್ಲಿದೆ. ಬಡವನಿಗೆ ಎರಡು ಭಯ: ಒಂದು, ರಾತ್ರಿ ಹೊತ್ತು ಯಾರೂ ಒಳಗೆ ಸೇರಿಸಿಕೊಳ್ಳುವುದಿಲ್ಲ, ಇನ್ನೊಂದು, ಸೇರಿಸಿಕೊಂಡವರು ಹೊರಗೆ ಬಿಡುವುದಿಲ್ಲ. ಈ ಕಾಯಿದೆ ಎರಡಕ್ಕೂ ಉತ್ತರ ಕೊಡುತ್ತದೆ.

ಜೀವಕ್ಕೆ ಅಪಾಯ, ತನಗೋ ಪರರಿಗೋ ದೊಡ್ಡ ಹಾನಿ ಎದುರಾದಾಗ ನೋಂದಾಯಿತ ಯಾವ ವೈದ್ಯನಾದರೂ ತುರ್ತು ಚಿಕಿತ್ಸೆ ಕೊಡಬಹುದು, ಮನೋವೈದ್ಯನೇ ಆಗಬೇಕೆಂದಿಲ್ಲ. ರೋಗಿಯ ಪ್ರತಿನಿಧಿ ಹತ್ತಿರವಿದ್ದರೆ ಅವರ ಒಪ್ಪಿಗೆ ಬೇಕು. ಈ ಅಧಿಕಾರ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 72 ಗಂಟೆ. ಅಷ್ಟರೊಳಗೆ ಮಾನಸಿಕ ಆಸ್ಪತ್ರೆಯಲ್ಲಿ ತಪಾಸಣೆಯಾದರೆ ಅಲ್ಲಿಗೇ ಮುಗಿಯಿತು. ತುರ್ತಿನ ಹೆಸರಿನಲ್ಲಿ ವಿದ್ಯುತ್ ಶಾಕ್ ಕೊಡುವಂತಿಲ್ಲ. ಸರಪಳಿಯಂತೂ ಯಾವಾಗಲೂ ಕೂಡದು. ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡ ಪೋಲೀಸರು 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಇಚ್ಛೆಗೆ ವಿರುದ್ಧವಾಗಿ ದಾಖಲು ಮಾಡಬೇಕಾದರೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಒಬ್ಬರು ಮನೋವೈದ್ಯರಾಗಿರಬೇಕು. ಅವಧಿ 30 ದಿನ. ಏಳು ದಿನದೊಳಗೆ, ಹೆಂಗಸಾದರೆ ಮೂರು ದಿನದೊಳಗೆ, ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. 30 ದಿನ ಮೀರಿದರೆ ಇಬ್ಬರು ಮನೋವೈದ್ಯರ ಅಭಿಪ್ರಾಯ, ಮಂಡಳಿಯ ಅನುಮತಿ ಎರಡೂ ಬೇಕು. ಮಂಡಳಿಗೆ ದೂರು ಕೊಡಲು ರೋಗಿಗೆ ಹಕ್ಕುಂಟು, ವಕೀಲರ ನೆರವು ಪುಕ್ಕಟೆ.

"ಮನೆಯವರಿಗಿಂತ ಕಾಗದಪತ್ರ ಹೆಚ್ಚೇ?" ಎಂದು ಕೆಲವರು ಕೇಳುತ್ತಾರೆ. ರಾತ್ರಿಯೆಲ್ಲ ರೋಗಿಯನ್ನು ಕಾದವರ ಕಷ್ಟ ನಮಗೆ ತಿಳಿದಿದೆ. ಆದರೆ ವರ್ತಕ ಮಿತ್ರರೇ, ಅಂಗಡಿಯ ಪಾಲಿಗಾಗಿ ಅಣ್ಣನಿಗೆ ಹುಚ್ಚನೆಂಬ ಪಟ್ಟ ಕಟ್ಟುವ ತಮ್ಮನೂ ಮನೆಯವನೇ ಅಲ್ಲವೇ? ರಾಜಕೀಯ ಅಭಿಪ್ರಾಯ ಬೇರೆಯೆಂದಾಗಲಿ, ಬಡವನೆಂದಾಗಲಿ ಯಾರನ್ನೂ ಮನೋರೋಗಿಯೆಂದು ನಿರ್ಣಯಿಸಕೂಡದೆಂದು ಕಾಯಿದೆಯೇ ಹೇಳಿದೆ. ಅಧಿಕಾರವಿದ್ದಲ್ಲಿ ಲೆಕ್ಕ ಕೇಳುವವರೂ ಇರಬೇಕು. ಇದು ಗಿರಣಿಗೂ ಸರಿ, ಆಸ್ಪತ್ರೆಗೂ ಸರಿ.

ಹಕ್ಕು ಬರೆದ ಮಾತ್ರಕ್ಕೆ ಹಾಸಿಗೆ ಹುಟ್ಟುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತು ಕೊಟ್ಟು, ಊರಿನಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ನೆಲದಲ್ಲೇ ಆದದ್ದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿರುಳು ಕೊಡಿರೆಂದು ಕೇಳುವುದು ಭಿಕ್ಷೆಯಲ್ಲ. ಬಡತನದ ರೇಖೆಯ ಕೆಳಗಿನವರಿಗೆ, ಕಾರ್ಡು ಇರಲಿ ಇಲ್ಲದಿರಲಿ, ಸರಕಾರಿ ಚಿಕಿತ್ಸೆ ಉಚಿತವೆಂಬುದೂ ಕಾಯಿದೆಯ ಮಾತೇ.

ಕೊನೆಗೆ ಒಂದು ಕೆಲಸ ಹೇಳುತ್ತೇವೆ. ನಮ್ಮ ಬುದ್ಧಿ ಸರಿಯಿಲ್ಲದ ದಿನ ನಮ್ಮ ಪರವಾಗಿ ಮಾತಾಡುವವರು ಯಾರೆಂದು ವಯಸ್ಕರು ಯಾರೇ ಆಗಲಿ ಮೊದಲೇ ಹೆಸರಿಸಬಹುದು. ಒಪ್ಪುವ ಒಬ್ಬರ ಹೆಸರು ಬರೆದು ಸಹಿ ಹಾಕಿದರೆ ಸಾಕು, ಹೆಬ್ಬೆಟ್ಟಾದರೂ ನಡೆಯುತ್ತದೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬೀಗದ ಕೈ ನೀವು ನಂಬಿದವರ ಬಳಿ ಇರುವುದು ಹೀಗೆ. ನಾಳೆ ಸಂಜೆಯಿಂದ ಸಂಘದ ಕಚೇರಿಯಲ್ಲಿ ಹಾಳೆ ಇಟ್ಟು ಕೂರುತ್ತೇವೆ. ಬರೆಯಲು ಬಾರದವರಿಗೆ ಬರೆದುಕೊಡುತ್ತೇವೆ. ಮಾಸ್ತರಿಕೆ ಬಿಟ್ಟರೂ ಆ ಕೆಲಸ ಮರೆತಿಲ್ಲ. ಗಂಡಹೆಂಡಿರು ಕೂಡಿಯೇ ಬನ್ನಿ.